ಅಪ್ಪನಿಗೆ ಡಾರ್ಚೆಸ್ಟರ್ ತೋರಿಸಬೇಕು, ಒಂದು ದಿನ ಸಾಕಾ?

ಧಾರವಾಡ ಪೇಡೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ರೀಡಿಂಗ್‌ನಲ್ಲಿ. ಮುಂದಿನ ತಿಂಗಳು ಧಾರವಾಡದಿಂದ ಅಪ್ಪ ಬರುತ್ತಿದ್ದಾರೆ, ಮೊದಲನೇ ಸಲ. 30 ವರ್ಷ ಡಿಗ್ರಿ ಹುಡುಗರಿಗೆ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಏನೇನು ನೋಡುತ್ತೀರಿ ಅಂತ ಫೋನಿನಲ್ಲಿ ಕೇಳಿದೆ. ಲಂಡನ್ ಐ ಬೇಡವಂತೆ, ಅರಮನೆ ಬೇಡವಂತೆ. “ಕ್ಯಾಸ್ಟರ್‌ಬ್ರಿಡ್ಜ್ ಒಂದು ತೋರಿಸವಾ, ಸಾಕು” ಅಂದರು.

ಆ ಹೆಸರಿನ ಊರು ನಕ್ಷೆಯಲ್ಲಿ ಇಲ್ಲ. ಥಾಮಸ್ ಹಾರ್ಡಿ ತನ್ನ ಕಾದಂಬರಿಗಳಲ್ಲಿ ಡಾರ್ಚೆಸ್ಟರ್‌ಗೆ ಇಟ್ಟ ಹೆಸರು ಅದು. ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಡ್ಜ್’ ಬಂದದ್ದು 1886ರಲ್ಲಿ. ಅಪ್ಪ ಅದನ್ನು ಎಷ್ಟು ಬ್ಯಾಚಿಗೆ ಪಾಠ ಮಾಡಿದ್ದಾರೋ ಲೆಕ್ಕವಿಲ್ಲ. ಊರನ್ನು ಮಾತ್ರ ಒಮ್ಮೆಯೂ ನೋಡಿಲ್ಲ.

ನಮ್ಮ ಹತ್ತಿರ ಕಾರಿಲ್ಲ. ಅಪ್ಪನಿಗೆ ಮೊಣಕಾಲು ನೋವು, ಅರ್ಧ ಗಂಟೆ ನಡೆದರೆ ಕೂರಬೇಕು. ಮೊಟ್ಟೆಯನ್ನೂ ತಿನ್ನುವುದಿಲ್ಲ. ಒಂದೇ ದಿನದಲ್ಲಿ ಹೋಗಿ ಬರಬಹುದಾ? ಹೋದವರು ಯಾರಾದರೂ ಇದ್ದರೆ ಹೇಳಿ.

ಸೋಮಾರಿ ಪಯಣಿಗ

ಸುಮ್ನೆ ಸ್ಟ್ರಾಟ್‌ಫರ್ಡ್‌ಗೆ ಕರ್ಕೊಂಡು ಹೋಗಿ. ಶೇಕ್ಸ್‌ಪಿಯರ್ ಮನೆ, ನದಿ, ಹಂಸ ಎಲ್ಲ ಇದೆ. ಡಾರ್ಚೆಸ್ಟರ್‌ನಲ್ಲಿ ನಾನು ಎರಡು ಗಂಟೆ ಇದ್ದೆ, ಒಂದು ಮುಖ್ಯ ಬೀದಿ ಬಿಟ್ಟರೆ ಏನೂ ಕಾಣಲಿಲ್ಲ.

ಪೂಲ್ ಪದ್ದಿ

ಪಯಣಿಗರೇ, ಎರಡು ಗಂಟೆಯಲ್ಲಿ ಏನು ಕಾಣುತ್ತೆ? ನಾನು ಹತ್ತಿರದ ಪೂಲ್‌ನಲ್ಲಿದ್ದೇನೆ, ನೆಂಟರು ಬಂದಾಗಲೆಲ್ಲ ಹೋಗಿದ್ದೇನೆ. ಪೇಡೆ, ನೀವು ಧೈರ್ಯವಾಗಿ ಹೋಗಿ. ಆದರೆ ಬುಧವಾರ ಹೋಗಿ, ಸಂತೆ ಇರೋದು ಅವತ್ತು. ಸಂತೆಯ ಊರನ್ನು ಸಂತೆ ಇಲ್ಲದ ದಿನ ನೋಡಿದರೆ ದೀಪ ಆರಿದ ಮೇಲೆ ನಾಟಕಕ್ಕೆ ಹೋದ ಹಾಗೆ.

ರೀಡಿಂಗ್‌ನಿಂದ ಸೌತಾಂಪ್ಟನ್‌ಗೆ ನೇರ ರೈಲಿದೆ. ಅಲ್ಲಿ ಇಳಿದು ವೇಮತ್ ಕಡೆಗೆ ಹೋಗುವ ರೈಲು ಹತ್ತಿ. ಒಂದು ಎಚ್ಚರಿಕೆ: ಡಾರ್ಚೆಸ್ಟರ್‌ನಲ್ಲಿ ಎರಡು ಸ್ಟೇಷನ್ ಇವೆ. ಲಂಡನ್, ಸೌತಾಂಪ್ಟನ್ ಕಡೆಯ ರೈಲು ಸೌತ್ ಸ್ಟೇಷನ್‌ಗೆ, ಬ್ರಿಸ್ಟಲ್, ಬಾತ್ ಕಡೆಯದು ವೆಸ್ಟ್ ಸ್ಟೇಷನ್‌ಗೆ. ಐದು ನಿಮಿಷದ ದಾರಿ ಅಷ್ಟೇ, ಆದರೆ ಸಂಜೆ ಗಡಿಬಿಡಿಯಲ್ಲಿ ತಪ್ಪು ಸ್ಟೇಷನ್‌ನಲ್ಲಿ ಕೂತವರನ್ನು ನೋಡಿದ್ದೇನೆ. ನಮ್ಮ ಮಾವನವರೇ!

ಸ್ಟೇಷನ್‌ನಿಂದ ಸೌತ್ ಸ್ಟ್ರೀಟ್ ಹಿಡಿದರೆ ಊರ ನಡುವಿಗೆ ಹತ್ತು ನಿಮಿಷ. ಬೀದಿಯ ಆ ತುದಿಯಲ್ಲಿ ಕಾರ್ನ್‌ಹಿಲ್ ಅಂತ ಜಾಗ. 1784ರ ಕಲ್ಲಿನ ಕಂಬವೊಂದಿದೆ, ಊರಿನ ಹಳೇ ನೀರಿನ ಪಂಪು. ಅಪ್ಪನನ್ನು ಅಲ್ಲಿ ಕೂರಿಸಿ, ಉಳಿದದ್ದು ಅವರೇ ನಿಮಗೆ ಹೇಳುತ್ತಾರೆ.

ಮೈಸೂರು ಮೇಷ್ಟ್ರು

ನೋಡಮ್ಮ ಪೇಡೆ, ನಿನ್ನ ತಂದೆಯವರ ಆಸೆ ನನಗೆ ಅರ್ಥವಾಗುತ್ತೆ. ನಾನೂ ಅದೇ ಕಸುಬಿನವನು. 2016ರಲ್ಲಿ ಹೋಗಿದ್ದೆ.

ಅಲ್ಲಿ ನನಗೆ ನಗು ಬಂದದ್ದು ಒಂದು ನೀಲಿ ಫಲಕ ನೋಡಿ. ಸೌತ್ ಸ್ಟ್ರೀಟ್‌ನಲ್ಲಿ ಕೆಂಪು ಇಟ್ಟಿಗೆಯ ದೊಡ್ಡ ಮನೆ, ಆಗ ಕೆಳಗೆ ಬ್ಯಾಂಕಿತ್ತು. ಗೋಡೆಯ ಮೇಲೆ ‘ಹಾರ್ಡಿಯ ಕಥೆಯಲ್ಲಿ ಬರುವ ಕ್ಯಾಸ್ಟರ್‌ಬ್ರಿಡ್ಜ್ ಮೇಯರ್ ಈ ಮನೆಯಲ್ಲಿದ್ದನೆಂದು ಪ್ರತೀತಿ’ ಅನ್ನುವ ಅರ್ಥದ ಬರಹ. ಹುಟ್ಟದೇ ಇದ್ದ ಮನುಷ್ಯನಿಗೆ ಮನೆ ಕೊಟ್ಟಿದ್ದಾರೆ! ಮೈಕಲ್ ಹೆಂಚರ್ಡ್ ಅನ್ನೋ ಧಾನ್ಯದ ವ್ಯಾಪಾರಿ ಬದುಕಿದ್ದು ಪುಸ್ತಕದಲ್ಲಿ ಮಾತ್ರ. ಕುಡಿದ ಮತ್ತಿನಲ್ಲಿ ಹೆಂಡತಿಯನ್ನು ಐದು ಗಿನಿಗೆ ಮಾರಿ, ಆಮೇಲೆ ಮೇಯರ್ ಆಗಿ, ಕೊನೆಗೆ ಎಲ್ಲ ಕಳೆದುಕೊಂಡವನು. ಅಂಥವನಿಗೆ ಈ ಮರ್ಯಾದೆ.

ಸೋಮಾರಿ ಪಯಣಿಗ

ಅದನ್ನೇ ನಾನು ಹೇಳ್ತಿರೋದು ಮೇಷ್ಟ್ರೇ. ಪ್ರವಾಸಿಗರನ್ನು ಕರೆಯೋಕೆ ಕಟ್ಟುಕಥೆ.

ಮಂಡ್ಯದೋಳು

ನಾವು ಆಗುಂಬೆಗೆ ಹೋಗಿ ದೊಡ್ಡಮನೆ ಜಗಲಿ ಮೇಲೆ ಕೂತು “ಇದೇ ಮಾಲ್ಗುಡಿ” ಅಂತ ಫೋಟೋ ತೆಗೆಸ್ಕೊಳ್ಳಲ್ವಾ? ಮಾಲ್ಗುಡಿಯೂ ಇಲ್ಲದ ಊರೇ. ಆಗುಂಬೆಗಾದರೆ ಬರೀ ಕ್ಯಾಮೆರಾ ಹೋಗಿದ್ದು. ಡಾರ್ಚೆಸ್ಟರ್ ಹಾರ್ಡಿ ಓಡಾಡಿದ ಊರು. ಅವರಿಗೆ ನಮಗಿಂತ ಜಾಸ್ತಿ ಹಕ್ಕಿದೆ ಬಿಡಿ.

ಪೂಲ್ ಪದ್ದಿ

ಮಂಡ್ಯದವರು ಸರಿಯಾಗಿ ಹೇಳಿದರು. ಆ ಪುಸ್ತಕ ಹಿಡ್ಕೊಂಡು ಊರಲ್ಲಿ ನಡೀಬಹುದು. ಹೈ ಈಸ್ಟ್ ಸ್ಟ್ರೀಟ್‌ನಲ್ಲಿ ಕಿಂಗ್ಸ್ ಆರ್ಮ್ಸ್ ಹೋಟೆಲ್ ಈಗಲೂ ಇದೆ. ಬೀದಿಗೆ ಚಾಚಿಕೊಂಡ ಬಾಗಿದ ಕಿಟಕಿ. ಮೇಯರ್ ಆಗಿ ಔತಣಕ್ಕೆ ಕೂತ ಗಂಡನನ್ನು ಹೆಂಡತಿ ಸೂಸನ್ ಹೊರಗೆ ನಿಂತು ನೋಡೋದು ಆ ಕಿಟಕಿಯಿಂದಲೇ.

ಮುಂದೆ ಇಳಿಜಾರಿನಲ್ಲಿ ಹೋದರೆ ಫ್ರೋಮ್ ನದಿಯ ಕಡೆ ಎರಡು ಸೇತುವೆ. ಊರಿಗೆ ಹತ್ತಿರದ್ದು ಇಟ್ಟಿಗೆಯದು, ಸ್ವಲ್ಪ ಆಚೆಯದು ಕಲ್ಲಿನದು. ಸೋತವರು ಬಂದು ನಿಲ್ಲುವ ಜಾಗ ಇವು ಅಂತ ಹಾರ್ಡಿ ಬರೀತಾನೆ. ಬಡವರು ಹತ್ತಿರದ ಸೇತುವೆ ಮೇಲೆ ಯಾರು ನೋಡಿದರೂ ನಾಚಿಕೆಯಿಲ್ಲದೆ ನಿಲ್ಲುತ್ತಾರಂತೆ. ಮರ್ಯಾದಸ್ಥರು ದೂರದ ಸೇತುವೆಗೆ ಹೋಗಿ, ದಾರಿಹೋಕರಿಗೆ ಮುಖ ಕಾಣದ ಹಾಗೆ ನೀರು ನೋಡುತ್ತಾ ನಿಲ್ಲುತ್ತಾರಂತೆ.

ಆ ಕಲ್ಲಿನ ಸೇತುವೆಯ ಹೆಸರು ಗ್ರೇಸ್ ಬ್ರಿಡ್ಜ್. ಅದರ ಮೇಲಿನ ಕಬ್ಬಿಣದ ಫಲಕ ತಪ್ಪದೆ ಓದಿ. ಸೇತುವೆಗೆ ಬೇಕಂತಲೇ ಹಾನಿ ಮಾಡಿದರೆ ಜೀವಮಾನ ಪೂರ್ತಿ ಗಡೀಪಾರು ಅಂತ ಬರೆದಿದೆ. ನಾಲ್ಕನೇ ಜಾರ್ಜ್ ಕಾಲದ ಕಾನೂನು.

ಕೋಟೆನಾಡಿನವ

ಚರ್ಚೆ ಈಗ ನೋಡಿದೆ. ಪೇಡೆ ಅವರೇ, ಸಾಧ್ಯವಾದರೆ ಮೇಡನ್ ಕಾಸಲ್ ಬಿಡಬೇಡಿ. ಊರಿನಿಂದ ನೈಋತ್ಯಕ್ಕೆ 3 ಕಿಲೋಮೀಟರ್. ಹೆಸರಿಗೆ ಕಾಸಲ್, ಕಲ್ಲಿನ ಕೋಟೆಯಲ್ಲ. ಗುಡ್ಡದ ಸುತ್ತ ಒಂದರ ಹಿಂದೆ ಒಂದು ಮಣ್ಣಿನ ದಿಬ್ಬ, ಕಂದಕ. ಕಬ್ಬಿಣ ಯುಗದ್ದು, 2000 ವರ್ಷಕ್ಕೂ ಹಳೆಯದು. ಟಿಕೆಟ್ ಇಲ್ಲ, ಕಾವಲಿಲ್ಲ, ಕುರಿ ಮೇಯುತ್ತಿರುತ್ತವೆ.

ಚಿತ್ರದುರ್ಗದವನಾದ ನನಗೆ ಅಲ್ಲಿ ಮೈ ಜುಂ ಅಂದದ್ದು ಬೇರೆ ಕಾರಣಕ್ಕೆ. 1934ರಿಂದ 37ರವರೆಗೆ ಆ ಗುಡ್ಡ ಅಗೆಸಿದವರು ಮಾರ್ಟಿಮರ್ ವೀಲರ್. 1944ರಲ್ಲಿ ಅವರು ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1947ರಲ್ಲಿ ಎಲ್ಲಿ ಅಗೆಸಿದರು ಗೊತ್ತಾ? ನಮ್ಮ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ! ಅಶೋಕನ ಶಾಸನ ಇರುವ ಅದೇ ಬ್ರಹ್ಮಗಿರಿ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಅಗೆಸಿದರು. ನೆಲವನ್ನು ಚೌಕ ಚೌಕವಾಗಿ ಭಾಗ ಮಾಡಿ, ನಡುವೆ ಬದು ಬಿಟ್ಟು, ಪದರ ಪದರವಾಗಿ ಅಗೆಯುವ ಕ್ರಮ ಅವರದು.

ಇನ್ನೊಂದು ಗಂಟು ಕೇಳಿ. ರೋಮನ್ನರು ಬ್ರಿಟನ್ನಿಗೆ ದಂಡೆತ್ತಿ ಬಂದದ್ದು ಕ್ರಿ.ಶ. 43ರಲ್ಲಿ. ಡಾರ್ಚೆಸ್ಟರ್ ಅವರು ಕಟ್ಟಿದ ಊರು, ಆಗಿನ ಹೆಸರು ಡರ್ನೋವೇರಿಯಾ. ನಮ್ಮ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ಅಗಸ್ಟಸ್, ಟೈಬೀರಿಯಸ್ ಕಾಲದವು, ಅಂದರೆ ಅದಕ್ಕೂ ಮುಂಚಿನವು. ಡಾರ್ಚೆಸ್ಟರ್‌ಗೆ ರೋಮನ್ನರ ಸೈನ್ಯ ಕಾಲಿಡೋ ಮೊದಲೇ ಅವರ ಕಾಸು ಟಂಕಿಸಿ, ನಮ್ಮ ಕಡೆ ಹೊರಡೋಕೆ ತಯಾರಾಗಿತ್ತು.

ಸೋಮಾರಿ ಪಯಣಿಗ

ಇದು ಗೊತ್ತಿರಲಿಲ್ಲ. ಆದರೂ ಮೊಣಕಾಲು ನೋವಿನವರನ್ನು ಗುಡ್ಡ ಹತ್ತಿಸ್ತೀರಾ?

ಕೋಟೆನಾಡಿನವ

ಬೇಡ ಬೇಡ. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಬುಡದವರೆಗೆ ಹೋಗಿ ನೋಡಿ ಬಂದರೂ ಆಯ್ತು. ಅಲ್ಲಿ ಸಿಕ್ಕ ಅಸ್ಥಿಪಂಜರವೊಂದು ಊರೊಳಗಿನ ಡಾರ್ಸೆಟ್ ಮ್ಯೂಸಿಯಂನಲ್ಲಿದೆ (ಡಾರ್ಸೆಟ್ ಅಂದರೆ ಡಾರ್ಚೆಸ್ಟರ್ ಇರೋ ಜಿಲ್ಲೆ), ಬೆನ್ನುಮೂಳೆಗೆ ಕಬ್ಬಿಣದ ಬಾಣದ ಮೊನೆ ನೆಟ್ಟುಕೊಂಡಿದೆ. ರೋಮನ್ನರು ಕೋಟೆಗೆ ನುಗ್ಗಿ ಮಾಡಿದ ಕಗ್ಗೊಲೆ ಅಂತ ವೀಲರ್ ಬರೆದರು. ನಂತರ ಬಂದವರು ಅಷ್ಟು ಸಲೀಸಾಗಿ ಒಪ್ಪಲಿಲ್ಲ. ವೀಲರ್ ಕಥೆ ಹೇಳೋದರಲ್ಲಿ ಗಟ್ಟಿಗ, ಸ್ವಲ್ಪ ಉಪ್ಪು ಖಾರ ಹಾಕಿರಬಹುದು.

ಮೈಸೂರು ಮೇಷ್ಟ್ರು

ಮ್ಯೂಸಿಯಂ ಮಾತು ಬಂತಲ್ಲ, ಅದಕ್ಕೆ ಎರಡು ಗಂಟೆಯಾದರೂ ಇಡಮ್ಮ. ಹಾರ್ಡಿಯ ಓದುವ ಕೋಣೆಯನ್ನು ಮೇಜು, ಕುರ್ಚಿ, ಪುಸ್ತಕ ಸಮೇತ ಅಲ್ಲಿ ಜೋಡಿಸಿಟ್ಟಿದ್ದಾರೆ. ಮೇಜಿನ ಮೇಲಿನ ಕ್ಯಾಲೆಂಡರ್ ನೋಡು. ಮಾರ್ಚ್ 7, ಸೋಮವಾರ. 1870ರಲ್ಲಿ ಆತ, ಮುಂದೆ ಹೆಂಡತಿಯಾದ ಎಮ್ಮಾಳನ್ನು ಮೊದಲು ಕಂಡ ದಿನ.

ಮದುವೆ ಸುಖವಾಗಿರಲಿಲ್ಲ. ಎಮ್ಮಾ ಕೊನೆಯ ವರ್ಷಗಳಲ್ಲಿ ಅಟ್ಟದ ಕೋಣೆ ಸೇರಿಕೊಂಡಳು. 1912ರಲ್ಲಿ ತೀರಿಕೊಂಡಳು. ಆಮೇಲೆ ಈತ ಅವಳ ಮೇಲೆ ಬರೆದ ಪದ್ಯಗಳಿವೆಯಲ್ಲ, ನನ್ನ ಲೆಕ್ಕದಲ್ಲಿ ಕಾದಂಬರಿಗಳಿಗಿಂತ ದೊಡ್ಡವು. ಕ್ಲಾಸಿನಲ್ಲಿ ಹೇಳೋವಾಗ ಗಂಟಲು ಕಟ್ಟುತ್ತಿತ್ತು. ಬದುಕಿದ್ದಾಗ ಆಡದ ಮಾತು ಸತ್ತ ಮೇಲೆ ಆಡಿದ ಅಂತ ನನ್ನ ಹೆಂಡತಿ ಬೈಯುತ್ತಾಳೆ. ಅದೂ ಸರಿಯೇ.

ಆ ಅಟ್ಟ ಇರುವ ಮನೆ ಮ್ಯಾಕ್ಸ್ ಗೇಟ್. ಊರ ಅಂಚಿನಲ್ಲಿದೆ. ಹಾರ್ಡಿ ಮೊದಲು ಕಟ್ಟಡ ವಿನ್ಯಾಸದ ಕೆಲಸ ಕಲಿತವನು, ಮನೆಯ ನಕ್ಷೆ ಅವನದೇ, ಕಟ್ಟಿದ್ದು ತಮ್ಮ. 1885ರಲ್ಲಿ ಒಕ್ಕಲು ಬಂದು, 1928ರ ಜನವರಿ 11ರಂದು ಸಾಯುವವರೆಗೂ ಅಲ್ಲೇ ಇದ್ದ. ‘ಟೆಸ್’ ಕಾದಂಬರಿ ಬರೆದದ್ದು ಅಲ್ಲಿ.

ಪೂಲ್ ಪದ್ದಿ

ಮ್ಯಾಕ್ಸ್ ಗೇಟ್ ನೋಡಿಕೊಳ್ಳೋದು ನ್ಯಾಷನಲ್ ಟ್ರಸ್ಟ್. ದಿನಾ ತೆಗೆದಿರಲ್ಲ, ಹೊರಡೋ ಮುಂಚೆ ನೋಡಿಕೊಳ್ಳಿ. ಹುಟ್ಟಿದ ಮನೆ ಹೈಯರ್ ಬಾಕ್‌ಹ್ಯಾಂಪ್ಟನ್‌ನಲ್ಲಿ, ಸುಮಾರು 5 ಕಿಲೋಮೀಟರ್. ಮಣ್ಣಿನ ಗೋಡೆ, ಹುಲ್ಲಿನ ಮಾಡು. 1840ರಲ್ಲಿ ಹುಟ್ಟಿದ್ದು ಅಲ್ಲಿ. ಚೆಂದ ಇದೆ. ಆದರೆ ಒಂದೇ ದಿನ, ಕಾರಿಲ್ಲ ಅಂದರೆ ನಾನಾದರೆ ಅದನ್ನು ಬಿಟ್ಟು ಸ್ಟಿನ್ಸ್‌ಫರ್ಡ್ ಚರ್ಚಿಗೆ ಹೋಗುತ್ತೇನೆ. ಹಾರ್ಡಿಯ ಬೂದಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿದೆ. ಹೃದಯ ಮಾತ್ರ ಸ್ಟಿನ್ಸ್‌ಫರ್ಡ್‌ನಲ್ಲಿ ಎಮ್ಮಾಳ ಗೋರಿಯಲ್ಲಿದೆ.

ಮಂಡ್ಯದೋಳು

ಹೃದಯ ಬೇರೆ, ಬೂದಿ ಬೇರೆನಾ? ಅಯ್ಯೋ ದೇವರೇ.

ಪೂಲ್ ಪದ್ದಿ

ಊರವರು ತಮ್ಮಲ್ಲೇ ಇರಲಿ ಅಂದರು, ಲಂಡನ್ನಿನವರು ತಮಗೆ ಬೇಕು ಅಂದರು. ಹಂಚಿಕೊಂಡರು! ಆ ಹೃದಯವನ್ನು ಬೆಕ್ಕು ತಿಂದುಬಿಟ್ಟಿತು ಅಂತ ಒಂದು ಕಟ್ಟುಕಥೆ ಸುತ್ತಾಡುತ್ತೆ. ನಂಬಬೇಡಿ. ಆದರೆ ಕೇಳಿದರೆ ಎಲ್ಲರೂ ಖುಷಿಯಿಂದ ಹೇಳುತ್ತಾರೆ.

ಕೋಟೆನಾಡಿನವ

ಎಲ್ಲ ಹಾರ್ಡಿ ಹಾರ್ಡಿ ಅಂತೀರಲ್ಲ, ಶೈರ್ ಹಾಲ್ ಮರೆತಿರಾ? 1834ರಲ್ಲಿ ಟಾಲ್‌ಪಡಲ್ ಹಳ್ಳಿಯ ಆರು ಜನ ಕೂಲಿಯವರ ವಿಚಾರಣೆ ನಡೆದ ಕೋರ್ಟು. ಕೂಲಿ ಇಳಿಸುತ್ತಾ ಬಂದರು ಅಂತ ಸಂಘ ಕಟ್ಟಿದರು, ಗುಟ್ಟಾಗಿ ಆಣೆ ಇಟ್ಟುಕೊಂಡರು. ಆಣೆ ಇಟ್ಟದ್ದೇ ಅಪರಾಧ ಅಂತ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. ಜನ ದಂಗೆದ್ದರು, ಅರ್ಜಿ ಮೇಲೆ ಅರ್ಜಿ ಹೋಯಿತು, 1836ರಲ್ಲಿ ಕ್ಷಮಾದಾನ ಸಿಕ್ಕಿತು. ಈಗ ಆ ಕೋರ್ಟು ಮ್ಯೂಸಿಯಂ. ಕಟಕಟೆಯೊಳಗೆ ನೀವೇ ನಿಲ್ಲಬಹುದು. ನಿಂತು ನೋಡಿ, ನ್ಯಾಯಾಧೀಶರ ಕುರ್ಚಿ ಎಷ್ಟು ಎತ್ತರದಲ್ಲಿ ಕಾಣುತ್ತೆ ಅಂತ.

ಮೈಸೂರು ಮೇಷ್ಟ್ರು

ಇನ್ನೊಬ್ಬ ಆಸಾಮಿಯನ್ನು ನೀವ್ಯಾರೂ ಹೇಳಲಿಲ್ಲ. ಕಾರ್ನ್‌ಹಿಲ್ ಪಕ್ಕದ ಸೇಂಟ್ ಪೀಟರ್ಸ್ ಚರ್ಚಿನ ಮುಂದೆ ಗಡ್ಡದ ಪಾದ್ರಿಯೊಬ್ಬನ ಪ್ರತಿಮೆ ಇದೆ. ವಿಲಿಯಂ ಬಾರ್ನ್ಸ್. 1801ರಲ್ಲಿ ಹುಟ್ಟಿ 1886ರಲ್ಲಿ ತೀರಿಕೊಂಡ. ಡಾರ್ಸೆಟ್ ಆಡುಮಾತಿನಲ್ಲಿ ಪದ್ಯ ಬರೆದವನು. ಸೌತ್ ಸ್ಟ್ರೀಟ್‌ನಲ್ಲಿ ಶಾಲೆ ನಡೆಸುತ್ತಿದ್ದ. ಹುಡುಗ ಹಾರ್ಡಿ ಕೆಲಸ ಕಲಿಯುತ್ತಿದ್ದ ಆಫೀಸು ಪಕ್ಕದಲ್ಲೇ. ಗ್ರೀಕ್ ವ್ಯಾಕರಣದಲ್ಲಿ ಜಗಳ ಬಂದರೆ ಹುಡುಗರು ಬಾರ್ನ್ಸ್ ಹತ್ತಿರ ತೀರ್ಪಿಗೆ ಓಡುತ್ತಿದ್ದರು.

ಕನ್ನಡದವರಿಗೆ ಈತ ಯಾಕೆ ಬೇಕು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್ ಮಾತು ತುಂಬಿಹೋಗಿವೆ, ನಮ್ಮ ಹಳೇ ಮಾತಿನಲ್ಲೇ ಹೊಸದನ್ನು ಕಟ್ಟೋಣ ಅಂತ ಹಟ ಹಿಡಿದ. ಫೋಟೋಗ್ರಾಫ್ ಬೇಡ, ‘ಸನ್ ಪ್ರಿಂಟ್’. ಓಮ್ನಿಬಸ್ ಬೇಡ, ‘ಫೋಕ್ ವೇನ್’, ಅಂದರೆ ಜನರ ಬಂಡಿ. ಗ್ರಾಮರ್‌ಗೆ ‘ಸ್ಪೀಚ್ ಕ್ರಾಫ್ಟ್’. ನಮ್ಮ ಆಂಡಯ್ಯ 13ನೇ ಶತಮಾನದಲ್ಲಿ ಸಂಸ್ಕೃತದ ತತ್ಸಮ ಬಿಟ್ಟು ‘ಕಬ್ಬಿಗರ ಕಾವ’ ಬರೆದ ನೆನಪಾಗುತ್ತಲ್ಲವೇ? ಬಾರ್ನ್ಸ್‌ನ ಹೊಸ ಮಾತುಗಳನ್ನು ಯಾರೂ ಬಳಸಲಿಲ್ಲ. ಆಡುಮಾತಿನ ಪದ್ಯಗಳು ಮಾತ್ರ ಉಳಿದವು.

ಮಂಡ್ಯದೋಳು

ಮೇಷ್ಟ್ರೇ, ಇಲ್ಲಿ ಸಂಸ್ಕೃತದ ಮಾತು ಬಿಟ್ಟು ಬರೆಯೋ ‘ಎಲ್ಲರಕನ್ನಡ’ದ ಜಗಳ ಶುರು ಮಾಡಬೇಡಿ, ಮುಗಿಯಲ್ಲ. ಆಡುಮಾತು ಹೇಗಿರುತ್ತೆ ಹೇಳಿ.

ಮೈಸೂರು ಮೇಷ್ಟ್ರು

‘ಸ’ ಇದ್ದಲ್ಲಿ ‘ಝ’, ‘ಫ’ ಇದ್ದಲ್ಲಿ ‘ವ’. ಸೋ ಅನ್ನೋದು ಝೂ ಆಗುತ್ತೆ, ಫೋಕ್ ಅನ್ನೋದು ವೋಕ್ ಆಗುತ್ತೆ. ಪ್ರತಿಮೆಯ ಪೀಠದ ಮೇಲೂ ಹಾಗೇ ಕೆತ್ತಿದ್ದಾರೆ. ನಿಮ್ಮ ಕಡೆ ಹಾಲು ಆಲು ಆಗುತ್ತಲ್ಲಮ್ಮ, ಆ ಥರ.

ಮಂಡ್ಯದೋಳು

ನಮ್ಮ ಆಲಿನ ತಂಟೆಗೆ ಬರಬೇಡಿ ಸಾರ್ 😄

ಪೇಡೆ ಅವರೇ, ಊಟದ ವಿಷಯ ಯಾರೂ ಹೇಳಲಿಲ್ಲ. ಡಾರ್ಸೆಟ್ ಆಪಲ್ ಕೇಕ್ ಅಂತ ಎಲ್ಲ ಕಡೆ ಇಟ್ಟಿರ್ತಾರೆ, ಅದಕ್ಕೆ ಮೊಟ್ಟೆ ಹಾಕ್ತಾರೆ. ಡಾರ್ಸೆಟ್ ನಾಬ್ ಅಂತ ಗುಂಡಗಿನ ಗಟ್ಟಿ ಬಿಸ್ಕತ್ತು ಇದೆ, ಚಹಾದಲ್ಲಿ ಅದ್ದಿ ತಿನ್ನಬೇಕು, ಇಲ್ಲಾಂದ್ರೆ ಹಲ್ಲು ಹೋಗುತ್ತೆ. ಪ್ಯಾಕೆಟ್ ಹಿಂದೆ ಓದಿ ಕೊಡಿಸಿ. ಮಧ್ಯಾಹ್ನಕ್ಕೆ ಚಪಾತಿ ಪಲ್ಯ ಕಟ್ಕೊಂಡು ಹೋಗೋದೇ ವಾಸಿ.

ಧಾರವಾಡ ಪೇಡೆ

ಇಷ್ಟೊಂದು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್ ರೀ. ಪ್ರಿಂಟ್ ತೆಗೆದು ಇಟ್ಟುಕೊಂಡೆ. ಹೋಗಿ ಬಂದು ಬರೆಯುತ್ತೇನೆ.

ಧಾರವಾಡ ಪೇಡೆ (ಆರು ವಾರದ ನಂತರ)

ಹೋಗಿ ಬಂದೆವು. ಬುಧವಾರವೇ.

ಸಂತೆಯಿಂದ ಶುರು ಮಾಡಿದೆವು. ಸ್ಟೇಷನ್ ಹತ್ತಿರದ ಫೇರ್‌ಫೀಲ್ಡ್ ಕಾರ್ ಪಾರ್ಕಿನಲ್ಲಿ ನಡೆಯುತ್ತೆ. ನಾನು ಏನೇನೋ ಹಳೇ ಕಾಲದ್ದು ಅಂದುಕೊಂಡಿದ್ದೆ. ತರಕಾರಿ, ಸಾಕ್ಸು, ಹೂವಿನ ಸಸಿ, ತುಕ್ಕು ಹಿಡಿದ ಸುತ್ತಿಗೆ, ಮೊಬೈಲ್ ಕವರು. ನನಗೆ ಪೆಚ್ಚಾಯಿತು. ಅಪ್ಪನಿಗೆ ಬಹಳ ಖುಷಿ. ಹಳೇ ಸಾಮಾನಿನ ಅಂಗಡಿಯವರ ಹತ್ತಿರ ಒಂದು ಕುಡುಗೋಲಿಗೆ ಅರ್ಧ ಗಂಟೆ ಚೌಕಾಶಿ ಮಾಡಿದರು. ತಗೊಳ್ಳಲಿಲ್ಲ. ವಿಮಾನದಲ್ಲಿ ಬಿಡುವುದಿಲ್ಲ ಅಂತ ಮೊದಲೇ ಗೊತ್ತಿತ್ತಂತೆ, ಸುಮ್ನೆ ರೇಟು ಕೇಳಿದ್ದಂತೆ.

ಮೇಷ್ಟ್ರು ಹೇಳಿದ ನೀಲಿ ಫಲಕದ ಮುಂದೆ ಅಪ್ಪ ನಗಲಿಲ್ಲ. ಟೋಪಿ ತೆಗೆದು ನಿಂತರು. “ಎಷ್ಟು ಸಲ ಪಾಠದಾಗ ಈ ಮನಿ ಬಾಗಲಾ ತಗದು ಒಳಗ ಹೋಗೇನಿ” ಅಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಮ್ಯೂಸಿಯಂನಲ್ಲಿ ಮಾರ್ಚ್ 7ರ ಕ್ಯಾಲೆಂಡರ್ ನೋಡಿದೆವು. ಬೆನ್ನುಮೂಳೆಗೆ ಬಾಣ ನೆಟ್ಟವನನ್ನೂ ನೋಡಿದೆವು. ಮೇಡನ್ ಕಾಸಲ್‌ಗೆ ಹೋಗಲಾಗಲಿಲ್ಲ, ಕೋಟೆನಾಡಿನವರು ಕ್ಷಮಿಸಬೇಕು. ಬ್ರಹ್ಮಗಿರಿ ವಿಷಯ ಹೇಳಿದಾಗ ಅಪ್ಪ “ಅದು ನಮಗ ಹತ್ತಿರ ಐತಿ, ಊರಿಗೆ ಹೋದ ಮ್ಯಾಲ ನೋಡೋಣ” ಅಂದರು.

ಮ್ಯಾಕ್ಸ್ ಗೇಟ್‌ನಲ್ಲಿ ನನ್ನದೇ ತಪ್ಪು. ಪದ್ದಿ ಅಷ್ಟು ಹೇಳಿದ್ದರೂ ನೋಡಿಕೊಂಡಿರಲಿಲ್ಲ, ಅವತ್ತು ಬಾಗಿಲು ಹಾಕಿತ್ತು. ಗೇಟಿನಾಚೆ ಕೆಂಪು ಇಟ್ಟಿಗೆ, ಮರಗಳು, ಅಷ್ಟೇ ಕಂಡದ್ದು. ಕರೆದ ಟ್ಯಾಕ್ಸಿ 40 ನಿಮಿಷ ಬರಲಿಲ್ಲ. ಅಪ್ಪ ರಸ್ತೆ ಪಕ್ಕದ ಗೋಡೆಯ ಮೇಲೆ ಕೂತು ಬಾರ್ನ್ಸ್ ಕಥೆ ಹೇಳಿದರು. ಬಾರ್ನ್ಸ್‌ನನ್ನು ಮಣ್ಣು ಮಾಡಿದ ದಿನ ಹಾರ್ಡಿ ಇದೇ ಮನೆಯಿಂದ ಅಂತ್ಯಕ್ರಿಯೆಗೆ ಹೊರಟಿದ್ದನಂತೆ. ದೂರದಲ್ಲಿ ಹೊತ್ತು ಒಯ್ಯುತ್ತಿದ್ದ ಪೆಟ್ಟಿಗೆಯ ಮೇಲೆ ಸಂಜೆ ಬಿಸಿಲು ಬಿದ್ದು ಫಳ್ ಅಂದಿತಂತೆ. ಮುದುಕ ಕೈ ಬೀಸಿದ ಹಾಗೆ ಕಂಡಿತು ಅಂತ ಹಾರ್ಡಿ ಪದ್ಯ ಬರೆದ. ನಾವು ಕೂತ ಕಡೆಯಿಂದ ನನಗೆ ಕಂಡದ್ದು ಬೈಪಾಸಿನ ಲಾರಿಗಳು. ಒಂದು ಲಾರಿಯ ಗಾಜು ಫಳ್ ಅಂದಾಗ ಅಪ್ಪ ನನ್ನ ಕಡೆ ತಿರುಗಿ ನೋಡಿದರು.

ಒಂದು ವಿಷಯ ಯಾರೂ ಹೇಳಿರಲಿಲ್ಲ. ಕಾದಂಬರಿಯ ಮೊದಲಲ್ಲಿ ಜಾತ್ರೆಯ ಡೇರೆಯೊಳಗೆ ಹೆಂಚರ್ಡ್ ಫರ್ಮಿಟಿ ಅಂತ ಏನೋ ತಿನ್ನುತ್ತಾನಲ್ಲ, ಅದರಲ್ಲಿ ಮಾರುವವಳು ಗುಟ್ಟಾಗಿ ರಮ್ ಸುರಿದು ಕೊಡುತ್ತಾಳೆ. ಆ ಮತ್ತಿನಲ್ಲೇ ಹೆಂಡತಿ ಮಾರಾಟ. ಫರ್ಮಿಟಿ ಅಂದರೆ ಗೋಧಿಕಾಳು, ಹಾಲು, ಒಣದ್ರಾಕ್ಷಿ ಹಾಕಿ ಬೇಯಿಸಿದ್ದು. “ಅದು ನಮ್ಮ ಗೋಧಿ ಹುಗ್ಗಿ ಅಲ್ಲೇನು!” ಅಂತ ಅಪ್ಪ ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದರಂತೆ. ಗ್ರೇಸ್ ಬ್ರಿಡ್ಜ್ ಮೇಲೆ ನಿಂತಾಗ ಗಡೀಪಾರಿನ ಫಲಕ ಓದುವುದು ಬಿಟ್ಟು, ಹುಗ್ಗಿಗೆ ಬೆಲ್ಲ ಎಷ್ಟು ಹಾಕಬೇಕು ಅಂತ ಹೇಳುತ್ತಿದ್ದರು.

ನಿನ್ನೆ ರಾತ್ರಿ ಮನೆಯಲ್ಲಿ ಮಾಡಿದೆವು. ಕುಟ್ಟಿದ ಗೋಧಿ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತು.

ಪೂಲ್ ಪದ್ದಿ

ಲಾರಿ ಗಾಜಿನ ಕಡೆ ಬಂದಾಗ ಓದೋದು ನಿಲ್ಲಿಸಿ ಸ್ವಲ್ಪ ಕೂತೆ. ಮುಂದಿನ ಸಲ ಬಂದರೆ ನಮ್ಮ ಕಾರಿದೆ, ಹೇಳಿ.

ಸೋಮಾರಿ ಪಯಣಿಗ

ಸರಿ, ನಾನೂ ಇನ್ನೊಂದ್ಸಲ ಹೋಗ್ತೀನಿ. ಬುಧವಾರ.

ಮಂಡ್ಯದೋಳು

ಹುಗ್ಗಿಗೆ ರಮ್ ಹಾಕಿದ್ರಾ?

ಧಾರವಾಡ ಪೇಡೆ

ಮೆಲ್ಲಗೆ ಮಾತಾಡ್ರಿ, ಅಪ್ಪ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ.